ಫೋಟೊ ಕುಗ್ಗಿಸುವ ಕೆಲಸ ಫೋನಿನಲ್ಲೇ ಆಗಲಿ

ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಸೈಬರ್ ಸೆಂಟರ್‌ಗಳಲ್ಲಿ ನಮ್ಮಂಥವರದೇ ಸಾಲು. ಅರ್ಜಿ ತುಂಬಲು ನಮಗೆ ಬರುತ್ತದೆ, ಕೈಯಲ್ಲಿ ಫೋನೂ ಇದೆ. ಆದರೂ ‘ಫೋಟೊ ಗಾತ್ರ ಹೆಚ್ಚಾಗಿದೆ’ ಎಂಬ ಒಂದು ಸಾಲು ತಡೆದು ನಿಲ್ಲಿಸುತ್ತದೆ.

ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಕೇಳುವುದು 20ರಿಂದ 50 ಕೆಬಿಯ ಫೋಟೊ, 10ರಿಂದ 20 ಕೆಬಿಯ ಸಹಿ. ಫೋನಿನಲ್ಲಿ ತೆಗೆದ ಫೋಟೊ ಸಲೀಸಾಗಿ 3–4 ಎಂಬಿ ಇರುತ್ತದೆ. ಕುಗ್ಗಿಸಲು ಗೂಗಲ್‌ನಲ್ಲಿ ಹುಡುಕಿ, ಮೊದಲು ಸಿಕ್ಕ ಜಾಲತಾಣಕ್ಕೆ ನಮ್ಮ ಮುಖ, ಸಹಿ, ಕೆಲವೊಮ್ಮೆ ಆಧಾರ್ ಪ್ರತಿಯನ್ನೂ ಅಪ್‌ಲೋಡ್ ಮಾಡಿಬಿಡುತ್ತೇವೆ. ನಾನೂ ಹಾಗೆ ಮಾಡಿದ್ದೇನೆ. ಆ ಸರ್ವರ್ ಎಲ್ಲಿದೆ, ನನ್ನ ಸಹಿಯನ್ನು ಅಳಿಸಿದರೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಇಷ್ಟಕ್ಕೆ ಪರರ ಸರ್ವರ್ ಬೇಕಾಗಿಯೇ ಇಲ್ಲ. ಬ್ರೌಸರ್‌ಗಳಲ್ಲಿ ‘ಕ್ಯಾನ್ವಾಸ್’ ಎಂಬ ಸೌಲಭ್ಯ ಎಷ್ಟೋ ವರ್ಷಗಳಿಂದ ಇದೆ. ಅದರ ಮೇಲೆ ಚಿತ್ರವನ್ನು ಚಿಕ್ಕದಾಗಿ ಮತ್ತೆ ಮೂಡಿಸಿ ಜೆಪೆಗ್ ಆಗಿ ಉಳಿಸಿದರೆ ಕೆಲಸ ಫೋನಿನಲ್ಲೇ ಮುಗಿಯಿತು. ಫೋಟೊ ತೆಗೆದ ಜಾಗದ ವಿವರ ಕಡತದೊಳಗೆ ಅಡಗಿದ್ದರೆ ಅದೂ ಉದುರಿಹೋಗುತ್ತದೆ. ಗೂಗಲ್ 2018ರಲ್ಲಿ ತಂದ ‘ಸ್ಕ್ವೂಶ್’ ಕೂಡ ಚಿತ್ರವನ್ನು ಬ್ರೌಸರ್‌ನೊಳಗೇ ಕುಗ್ಗಿಸುತ್ತದೆ.

ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳವರಿಗೆ ಇದರಿಂದ ಇನ್ನೂ ಹೆಚ್ಚು ಅನುಕೂಲ. ನೆಟ್‌ವರ್ಕ್ ಬಂದು ಹೋಗುವ ಕಡೆ 4 ಎಂಬಿ ಕಳಿಸುವುದು ಸಾಹಸವೇ. 40 ಕೆಬಿ ಎಂದರೆ ಅದರ ನೂರನೇ ಒಂದು ಪಾಲು. ಫೋಟೊ ಒಂದಕ್ಕಾಗಿ ಕೂಲಿ ಬಿಟ್ಟು, ಬಸ್ ಹಿಡಿದು ಪಟ್ಟಣಕ್ಕೆ ಬರುವುದು ತಪ್ಪುತ್ತದೆ.

ಹಾಗೆಂದು ಸರ್ವರ್‌ಗೆ ಕೆಲಸವೇ ಇಲ್ಲವೆಂದಲ್ಲ. ಬ್ರೌಸರ್‌ನಿಂದ ಬರುವುದನ್ನು ಯಾರಾದರೂ ತಿರುಚಿ ಕಳಿಸಬಹುದು. ಬಂದ ಕಡತ ನಿಜವಾಗಿ ಚಿತ್ರವೇ, ಗಾತ್ರ ಸರಿಯಿದೆಯೇ ಎಂದು ಸರ್ವರ್ ಪರೀಕ್ಷಿಸಲೇಬೇಕು. ಹಳೆಯ ಫೋನು ದೊಡ್ಡ ಚಿತ್ರ ತೆರೆಯಲಾರದೆ ತಡವರಿಸಿದರೆ, ಅರ್ಜಿ ಪಡೆಯುವ ಸಂಸ್ಥೆಯ ಸರ್ವರ್ರೇ ಕುಗ್ಗಿಸಿಕೊಳ್ಳಲಿ. ನಡುವೆ ಮೂರನೆಯವರು ಬೇಡ.

ಅರ್ಜಿಯ ಜಾಲತಾಣ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ: ‘ಗಾತ್ರ ಹೆಚ್ಚಾಗಿದೆ’ ಎಂದು ವಾಪಸ್ ಕಳಿಸುವ ಬದಲು, ಅಲ್ಲೇ ಕತ್ತರಿಸಿ ಕುಗ್ಗಿಸುವ ಅವಕಾಶ ಕೊಡಿ. ಗೆಳೆಯರಿಗೂ ಒಂದು ಮಾತು. ಫೋಟೊ ಕುಗ್ಗಿಸುವ ಪುಟ ತೆರೆದ ಮೇಲೆ, ಫೋಟೊ ಆರಿಸುವ ಮುಂಚೆ ಡೇಟಾ ಆಫ್ ಮಾಡಿ ನೋಡಿ. ಆಗಲೂ ಕುಗ್ಗಿದರೆ ಕೆಲಸ ನಿಮ್ಮ ಫೋನಿನಲ್ಲೇ ನಡೆಯಿತು. ಉಳಿಸಿಕೊಂಡು ಪುಟ ಮುಚ್ಚಿ. ಕುಗ್ಗದಿದ್ದರೆ ನಿಮ್ಮ ಸಹಿ ಬೇರೆಲ್ಲಿಗೋ ಹೊರಟಿತ್ತೆಂದೇ ತಿಳಿಯಿರಿ.