ಮರದ ತಿರುಪು

ಅಂಟು ಹಚ್ಚಿ ಕೂಡಿಸಿದ ಹಲಗೆಗಳನ್ನು ಅಂಟು ಒಣಗುವವರೆಗೆ ಒತ್ತಿ ಹಿಡಿದಿರಬೇಕೆಂಬುದು ಬಡಿಗರ ಕೆಲಸವನ್ನು ಒಮ್ಮೆ ನೋಡಿದವರಿಗೆಲ್ಲ ತಿಳಿದ ವಿಷಯ. ನಮ್ಮ ಪ್ರಯೋಗಶಾಲೆಯ ಸೋನೋಮೀಟರ್ ಪೆಟ್ಟಿಗೆಯೊಂದರ ಮೇಲ್ಹಲಗೆ ಬಿಟ್ಟುಕೊಂಡಾಗ ಈ ಅಗತ್ಯವು ನಮಗೂ ಒದಗಿತು. ಕಲಬುರಗಿಯ ಸೂಪರ್ ಮಾರ್ಕೆಟಿನ ಸುತ್ತಣ ಅಂಗಡಿಗಳಲ್ಲಿ ಕಬ್ಬಿಣದ ಜಿ ಕ್ಲ್ಯಾಂಪುಗಳು ಬೇಕಾದಷ್ಟು ದೊರೆತುವು. ಆದರೆ ಅವುಗಳ ಚಿಕ್ಕ ಬಿಲ್ಲೆಯು ಒತ್ತಡವನ್ನೆಲ್ಲ ಒಂದೇ ಕಡೆ ಹೇರಿ ತೆಳುಹಲಗೆಯಲ್ಲಿ ಗುಳಿ ಬೀಳಿಸುತ್ತದೆ. ಅಗಲವಾದ ಮರದ ದವಡೆಗಳುಳ್ಳ ಹ್ಯಾಂಡ್‌ಸ್ಕ್ರೂ ಕ್ಲ್ಯಾಂಪು ಬೇಕೆಂದೆವು. ಅಂಗಡಿಯವರು ಚಿತ್ರವನ್ನು ನೋಡಿ, ಹೊರಗಿನಿಂದ ತರಿಸಿಕೊಡುವುದಾಗಿ ಹೇಳಿದರು. ಬೆಲೆಯನ್ನು ಕೇಳಿ ನಾವು ಸುಮ್ಮನೆ ಹಿಂದಿರುಗಿದೆವು.

ಅದನ್ನು ತರಿಸಬೇಕಾಗಿಲ್ಲ, ಇಲ್ಲಿಯೇ ಮಾಡಬೇಕು. ಭೌತವಿಜ್ಞಾನದ ವಿದ್ಯಾರ್ಥಿಗಳೇ ಬಡಿಗರ ಬಳಿ ಕುಳಿತು ಮಾಡಬೇಕು ಎಂಬುದು ಈಗ ನಮ್ಮ ದೃಢವಾದ ಅಭಿಪ್ರಾಯ. ಪಠ್ಯಕ್ರಮ ಮುಗಿಯುವುದೇ ಕಷ್ಟ, ಇನ್ನು ಬಡಗಿತನಕ್ಕೆ ವೇಳೆ ಎಲ್ಲಿಯದು ಎಂದು ನಮ್ಮ ಸಹೋದ್ಯೋಗಿಗಳು ಕೇಳುವರು. ತಿರುಪಿನ ದಕ್ಷತೆಯ ಸೂತ್ರವನ್ನು ನಾವು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತೇವೆ. ಅದನ್ನು ಬಾಯಿಪಾಠ ಒಪ್ಪಿಸಿದ ವಿದ್ಯಾರ್ಥಿಗಳ ಕೈಗೆ ಕ್ಲ್ಯಾಂಪನ್ನು ಕೊಟ್ಟು, ಕೈಬಿಟ್ಟ ಮೇಲೂ ಇದು ಸಡಿಲಗೊಳ್ಳದಿರಲು ಕಾರಣವೇನೆಂದು ಕೇಳಿದಾಗ ತರಗತಿಯಲ್ಲಿ ಒಬ್ಬರಾದರೂ ಉತ್ತರಿಸಲಿಲ್ಲ. ಹಾಗಾದರೆ ಪಠ್ಯಕ್ರಮ ಮುಗಿದುದಾದರೂ ಹೇಗೆ?

ಸಾಧನವು ಬಹು ಸರಳವಾದುದು. ಎರಡು ದವಡೆಗಳು, ಎರಡು ತಿರುಪುಗಳು. ನಡುವಿನ ತಿರುಪು ದವಡೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಹಿಂಬದಿಯ ತಿರುಪಿನ ತುದಿಯು ಎದುರು ದವಡೆಯಲ್ಲಿ ಕೊರೆದ ಕುರುಡುಗುಳಿಯಲ್ಲಿ ಕುಳಿತು ದವಡೆಗಳ ಹಿಂಭಾಗವನ್ನು ದೂರ ತಳ್ಳುತ್ತದೆ. ಹಿಂದೆ ಅಗಲಿಸಿದಷ್ಟೂ ಮುಂದೆ ಬಿಗಿ. ನಡುವಿನ ತಿರುಪೇ ಆನಿಕೆಯಾದ ಸನ್ನೆಗೋಲು ಇದು. ಆನಿಕೆಯಿಂದ ದವಡೆಯ ತುದಿ 10 ಸೆಂಟಿಮೀಟರ್, ಹಿಂದಿನ ತಿರುಪು 8 ಸೆಂಟಿಮೀಟರ್ ದೂರವಿದ್ದರೆ, ಹಿಂದಿನ ಬಲದ ಐದರಲ್ಲಿ ನಾಲ್ಕು ಪಾಲು ತುದಿಗೆ ತಲಪುವುದು. ಅಮೆರಿಕದ ಕಾರ್ಖಾನೆಗಳು ತಯಾರಿಸುವ ಹೊಸ ಮಾದರಿಯಲ್ಲಿ ಉಕ್ಕಿನ ತಿರುಪುಗಳಿವೆ. ಅವುಗಳ ಅರ್ಧಕ್ಕೆ ಬಲಸುತ್ತು, ಇನ್ನರ್ಧಕ್ಕೆ ಎಡಸುತ್ತು. ಎಡಸುತ್ತಿನ ಸರಳು ನಮ್ಮ ಪೇಟೆಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಹಳೆಯ ಮಾದರಿಗೆ ಬಲಸುತ್ತೊಂದೇ ಸಾಕು.

ಇನ್ನು ತಿರುಪಿನ ವಿಚಾರ. ಲಂಬಕೋನ ತ್ರಿಕೋನಾಕಾರದ ಕಾಗದವನ್ನು ಪೆನ್ಸಿಲಿಗೆ ಸುತ್ತಿ ನೋಡಿರಿ. ಅದರ ಓರೆ ಅಂಚೇ ತಿರುಪಿನ ಸುತ್ತು. ತಿರುಪೆಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ನಮ್ಮ ಮರದ ತಿರುಪಿನ ಸರಾಸರಿ ವ್ಯಾಸ 20 ಮಿಲಿಮೀಟರ್, ಒಂದು ಸುತ್ತಿಗೆ ಅದು ಮುಂದುವರಿಯುವುದು 4 ಮಿಲಿಮೀಟರ್. ಲೆಕ್ಕ ಮಾಡಿದರೆ ಇಳಿಜಾರಿನ ಕೋನ 3.6 ಡಿಗ್ರಿ. 40 ಮಿಲಿಮೀಟರ್ ವ್ಯಾಸದ ಹಿಡಿಯನ್ನು ತಿರುಗಿಸಿದಾಗ, ಘರ್ಷಣೆಯೇ ಇಲ್ಲದಿದ್ದರೆ, ಕೈಯ ಬಲವು 31 ಮಡಿಯಾಗಬೇಕು. ಮರಕ್ಕೂ ಮರಕ್ಕೂ ನಡುವಣ ಘರ್ಷಣ ಗುಣಾಂಕವನ್ನು 0.3 ಎಂದಿಟ್ಟುಕೊಂಡರೆ ದೊರೆಯುವುದು ಐದೂವರೆ ಮಡಿಗಿಂತ ಕಡಿಮೆ. ಉಳಿದುದೆಲ್ಲ 'ನಷ್ಟ'ವೆಂದು ನಮ್ಮ ಪುಸ್ತಕಗಳು ಬರೆಯುತ್ತವೆ. ಆದರೆ ಅದೇ ಘರ್ಷಣೆಯ ಕೋನವು ಸುಮಾರು 17 ಡಿಗ್ರಿ, ಇಳಿಜಾರಿನ ಕೋನಕ್ಕಿಂತ ಬಹಳ ಹೆಚ್ಚು. ಆದುದರಿಂದಲೇ ಹಲಗೆಯು ಎಷ್ಟೇ ಹಿಂದೊತ್ತಿದರೂ ತಿರುಪು ಬಿಚ್ಚಿಕೊಳ್ಳುವುದಿಲ್ಲ. ನಾವು ಮನೆಗೆ ಹೋಗಿ ಮಲಗಿದ್ದರೂ ಹಲಗೆಗಳನ್ನು ರಾತ್ರಿಯಿಡೀ ಹಿಡಿದಿರುವುದು ಈ ನಷ್ಟವೇ!

ಮರದಲ್ಲಿ ತಿರುಪು ಕಡೆಯುವುದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಕೈರಾಟೆಯನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಿದವರುಂಟು. ಅದರ ಎರಡು ಉರುಳೆಗಳ ಕೊನೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮರದ ತಿರುಪುಗಳಿರುತ್ತಿದ್ದುವು. ಒಂದು ಉರುಳೆಯನ್ನು ತಿರುಗಿಸಿದರೆ ಇನ್ನೊಂದು ತಾನಾಗಿ ಎದುರು ದಿಕ್ಕಿಗೆ ತಿರುಗುತ್ತಿತ್ತು. ಈ ಉಪಾಯವು ಭಾರತದಲ್ಲಿಯೇ ಹುಟ್ಟಿತೆಂದು ತಂತ್ರಜ್ಞಾನದ ಇತಿಹಾಸಕಾರರು ಹಲವರ ಮತ. ಹತ್ತಿ ಬೆಳೆಯುವ ಈ ಕರಿನೆಲದವರು ಮರದ ತಿರುಪಿಗಾಗಿ ಪರದೇಶದ ಬೆಲೆಪಟ್ಟಿಯನ್ನು ತಿರುವಿಹಾಕುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಹೀಗೆ ನಾವು ಕಮಲಾಪುರಕ್ಕೆ ಹೋದೆವು. ಹುಮನಾಬಾದಿನ ರಸ್ತೆಯಲ್ಲಿರುವ ಈ ಊರು ಕೆಂಪು ಬಾಳೆಹಣ್ಣಿಗೆ ಹೆಸರಾದುದು. ನಮಗೆ ಬೇಕಾದವರು ಮಾತ್ರ, ಎತ್ತಿನ ಗಾಡಿ ಕುಂಟೆಗಳನ್ನು ಮಾಡಿ ಕೈ ಪಳಗಿದ ಹಿರಿಯ ಬಡಿಗರೊಬ್ಬರು. ಅವರು ಸಾಗವಾನಿಯನ್ನು ಕೇಳಲಿಲ್ಲ. ಕರಿಜಾಲಿಯನ್ನು ಮುಟ್ಟಿ ತೋರಿಸಿದರು. ಗಾಡಿಗಾಲಿಯ ಗುಂಭಕ್ಕೆ ಒದಗುವ ಮರ ತಿರುಪಿಗೆ ಒದಗದೆ? ನಮ್ಮೊಡನೆ ಬಂದಿದ್ದ ಮೂವರು ವಿದ್ಯಾರ್ಥಿಗಳು ಕಾಗದದ ತ್ರಿಕೋನವನ್ನು ಸುತ್ತಿ ಗೆರೆ ಎಳೆದುಕೊಟ್ಟರು. ಅವರು ಆ ಗೆರೆಯ ಮೇಲೆ ಸಣ್ಣ ಗರಗಸ ಆಡಿಸಿ, ಮುಮ್ಮೂಲೆ ಅರದಿಂದ ಸುತ್ತನ್ನು ತೀಡಿದರು. ದವಡೆಯ ಒಳಸುತ್ತನ್ನು ಕೊರೆಯುವ ಉಕ್ಕಿನ ಟ್ಯಾಪನ್ನು ಕಲಬುರಗಿಯ ಲೇತ್ ಅಂಗಡಿಯೊಂದರಲ್ಲಿ ಮೊದಲೇ ಮಾಡಿಸಿದ್ದೆವು.

ಮೊದಲನೆಯ ಕ್ಲ್ಯಾಂಪು ಕೆಟ್ಟಿತು, ತಪ್ಪು ನಮ್ಮದೇ. "ಕಟ್ಟಿಗಿ ಇನ್ನಾ ಹಸಿ ಅದರೀ ಸರ, ಒಂದ್ ಬ್ಯಾಸಿಗಿ ಬಿಡ್ರಿ" ಎಂದು ಅವರು ಹೇಳಿದ್ದರೂ ನಾವು ಅವಸರಪಡಿಸಿದೆವು. ಎರಡು ತಿಂಗಳಲ್ಲಿ ತಿರುಪು ದವಡೆಯೊಳಗೆ ಅಲುಗಾಡದಂತೆ ಕಚ್ಚಿಕೊಂಡಿತು. ಹೊರತೆಗೆದು ಅಳೆದಾಗ ದುಂಡಗಿದ್ದ ತಿರುಪು ಅಂಡಾಕಾರವಾಗಿತ್ತು. ಮರವು ಒಣಗುವಾಗ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಅಡ್ಡಕ್ಕೆ ಕುಗ್ಗುವಾಗಲೂ ವರ್ಷದುಂಗುರಗಳ ಗುಂಟ ಆಗುವ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಇಮ್ಮಡಿ. ಇದನ್ನು ನಾವು ಓದಿ ಮರೆತಿದ್ದೆವು. ಅವರು ಓದದೆಯೇ ತಿಳಿದಿದ್ದರು.

ಎರಡನೆಯದನ್ನು ಮುರಿದ ಹಳೆಯ ಗಾಡಿಯೊಂದರ ಒಣಮರದಿಂದ ಮಾಡಿದರು. ಸುತ್ತಿಗೆ ಜೇನುಮೇಣ ಸವರಿದರು. ದವಡೆಗೂ ಹಚ್ಚಿದರು, ಅಂಟು ಹತ್ತದಿರಲೆಂದು. ಸೋನೋಮೀಟರ್ ಈಗ ಸರಿಯಾಗಿದೆ. ಇನ್ನೂ ಆರು ಕ್ಲ್ಯಾಂಪುಗಳಿಗೆ ಬೇಕಾದ ಜಾಲಿಯ ತುಂಡುಗಳನ್ನು ಅವರು ಮಾಡಿನ ಕೆಳಗೆ ನೆರಳಿನಲ್ಲಿ ಅಡ್ಡಪಟ್ಟಿಗಳ ಮೇಲೆ ಒಟ್ಟಿದ್ದಾರೆ. ಬೇಸಗೆ ಕಳೆಯುವವರೆಗೆ ಬರಬೇಡಿರೆಂದು ನಮಗೆ ಅಪ್ಪಣೆಯಾಗಿದೆ.