ಪರೇಲಿನಿಂದ ಮನೆಗೆ ಮರಳಿದವರು

ಮುಂಬಯಿಯಲ್ಲಿ ನೆಲಸಿರುವ ಕನ್ನಡಿಗರಲ್ಲಿ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಮೆಟ್ಟಿಲನ್ನು ಒಮ್ಮೆಯಾದರೂ ತುಳಿಯದವರು ವಿರಳ. ನಮ್ಮ ಮನೆಯವರಿಗಾಗಿ ಅಲ್ಲದಿದ್ದರೆ, ಊರಿನಿಂದ ಚೀಟಿ ಹಿಡಿದು ಬಂದ ಯಾರಿಗಾಗಿಯಾದರೂ ನಾವು ಅಲ್ಲಿಯ ಸಾಲಿನಲ್ಲಿ ನಿಂತಿದ್ದೇವೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹೆರ್‌ಬಾಯಿಯವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿಯವರೂ ಗತಿಸಿದರು. ಅವರ ಹೆಸರಿನ ದತ್ತಿಯ ನೆರವಿನಿಂದ 1941ರ ಫೆಬ್ರವರಿ 28ರಂದು ಆರಂಭವಾದ ಈ ಆಸ್ಪತ್ರೆಯು 1962ರಿಂದ ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಅಲ್ಲಿಯ ಚಿಕಿತ್ಸೆಯನ್ನು ಕುರಿತು ಬರೆಯಲು ವೈದ್ಯರಿದ್ದಾರೆ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನಾನು ಬರೆಯಬಯಸುವುದು, ಚಿಕಿತ್ಸೆ ಮುಗಿದು ರೋಗಿಯು ಮನೆಗೆ ಮರಳಿದ ಅನಂತರ ನಮ್ಮ ಕರ್ತವ್ಯವೇನು ಎಂಬುದನ್ನು.

ಭಾರತದ ಪುರುಷರಲ್ಲಿ ಕಾಣಿಸುವ ಕ್ಯಾನ್ಸರುಗಳಲ್ಲಿ ಬಾಯಿಯ ಕ್ಯಾನ್ಸರ್ ಮುಂಚೂಣಿಯಲ್ಲಿದೆ. ಬಾಯಿ, ನಾಲಗೆ, ಗಂಟಲುಗಳ ಈ ರೋಗವು ಇತರ ರೋಗಗಳಂತೆ ಬಟ್ಟೆಯ ಮರೆಯಲ್ಲಿ ಇರುವಂಥದಲ್ಲ. ಮುಖ, ಮಾತು, ಊಟ ಈ ಮೂರನ್ನೂ ಅದು ಹಿಡಿಯುತ್ತದೆ. ನಾಲ್ಕು ಜನರ ನಡುವೆ ಬಾಳುವುದಕ್ಕೆ ನಮಗೆ ಬೇಕಾದುವೂ ಈ ಮೂರೇ. ಆದುದರಿಂದ ಗುಣವಾದವನು ಸಮಾಜಕ್ಕೆ ಮರಳುವನೋ ಇಲ್ಲವೋ ಎಂಬುದು ಬಹುಮಟ್ಟಿಗೆ ಸಮಾಜದ ಕೈಯಲ್ಲೇ ಇದೆ.

ನನ್ನ ಸೋದರಮಾವನವರು ಧಾರವಾಡದ ಕಡೆಯ ನಿವೃತ್ತ ಶಾಲಾ ಶಿಕ್ಷಕರು. ಕೆನ್ನೆಯ ಒಳಭಾಗದ ಶಸ್ತ್ರಚಿಕಿತ್ಸೆಯೂ, ಬಳಿಕ ಊರ ಕಡೆಯವರು 'ಕರೆಂಟು ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆಯೂ ಆಗಿ ನಮ್ಮ ಮನೆಯಲ್ಲೇ ಚೇತರಿಸಿಕೊಳ್ಳುತ್ತಿದ್ದರು. ನಾಲ್ಕು ತಿಂಗಳ ಅನಂತರ ಬಂಧುಗಳ ಮದುವೆಯೊಂದಕ್ಕೆ ಕರೆದೊಯ್ದೆ. ಪಂಕ್ತಿಯಲ್ಲಿ ಅವರ ಬಾಯಿಯ ಅಂಚಿನಿಂದ ಪಾಯಸ ಸೋರಿತು. ಎದುರಿಗೆ ಕುಳಿತ ಹುಡುಗನೊಬ್ಬ ನಕ್ಕ. ನನಗೆ ನಾಚಿಕೆಯಾಯಿತು. "ಮಾವ, ಒಳಗಿನ ಕೋಣೆಯಲ್ಲಿ ನಿಮಗೆ ಅನುಕೂಲ" ಎಂದು ಹೇಳಿ ಅವರ ಎಲೆಯನ್ನು ಒಳಕ್ಕೆ ಕಳುಹಿಸಿದೆ. ಅವರು ಮರುಮಾತಿಲ್ಲದೆ ಎದ್ದರು. ಅಲ್ಲಿಂದ ಒಂದು ವರ್ಷ ಕಾಲ ಮನೆಯಲ್ಲಿಯೂ ನಮ್ಮೊಡನೆ ಊಟಕ್ಕೆ ಕೂರಲಿಲ್ಲ. ಕರೆದಾಗಲೆಲ್ಲ "ಹಸಿವಿಲ್ಲ" ಎನ್ನುವರು. ದೇಹದ ತೂಕ ಇಳಿಯಿತು. ಇದು ವೈದ್ಯರ ತಪ್ಪಲ್ಲ, ರೋಗದ್ದೂ ಅಲ್ಲ, ನನ್ನದು.

ಚಿಕಿತ್ಸೆಯ ಪರಿಣಾಮಗಳನ್ನು ಅರಿಯದಿರುವುದೇ ಇಂಥ ವರ್ತನೆಗೆ ಮುಖ್ಯ ಕಾರಣ. ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6ರಿಂದ 7 ವಾರ ನಡೆಯುತ್ತದೆ. ಅದರಿಂದ ಜೊಲ್ಲು ಬತ್ತುತ್ತದೆ, ರುಚಿ ತಿಂಗಳುಗಟ್ಟಲೆ ತಿಳಿಯದು. ಜೋಳದ ರೊಟ್ಟಿಯ ತುಣುಕು ಒಣಬಾಯಿಯಲ್ಲಿ ಮರಳಿನಂತೆ ಹೊರಳುತ್ತದೆ, ಉಪ್ಪಿನಕಾಯಿ ಉರಿಯೆಬ್ಬಿಸುತ್ತದೆ. ಜೊಲ್ಲಿನ ರಕ್ಷಣೆಯಿಲ್ಲದೆ ಹಲ್ಲುಗಳು ಬೇಗ ಹುಳುಕಾಗುತ್ತವೆ. ಆದರೆ ವಿಕಿರಣ ಬಿದ್ದ ದವಡೆಯ ಹಲ್ಲನ್ನು ಕ್ಯಾನ್ಸರ್ ವೈದ್ಯರನ್ನು ಕೇಳದೆ ಕೀಳಿಸಲಾಗದು, ಮೂಳೆಯೇ ಕೆಡುವ ಅಪಾಯವಿದೆ. ದವಡೆ ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗಬಹುದು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇರಿಸಿ, ದಿನಗಳೆದಂತೆ ಒಂದೊಂದೇ ಕಡ್ಡಿಯನ್ನು ಹೆಚ್ಚಿಸುವ ವ್ಯಾಯಾಮವನ್ನು ಇದಕ್ಕಾಗಿಯೇ ಹೇಳಿಕೊಡುತ್ತಾರೆ. ಬೇಸರವೆಂದು ಅದನ್ನು ಬಿಟ್ಟವರು ಬಳಿಕ ಪಶ್ಚಾತ್ತಾಪ ಪಡುತ್ತಾರೆ.

ಕುತ್ತಿಗೆಯ ವಿಷಯವೂ ಹೀಗೆಯೇ. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ತೆಗೆದರೆ ಮೂರು ವರ್ಷ ಬದುಕುಳಿಯುವವರು ಶೇಕಡಾ 80, ರೋಗ ಅಲ್ಲಿ ಕಾಣಿಸಿಕೊಂಡ ಮೇಲೆ ತೆಗೆದರೆ ಶೇಕಡಾ 67.5 ಎಂದು ಇದೇ ಪರೇಲಿನ ಆಸ್ಪತ್ರೆಯ ಅಧ್ಯಯನವು 2015ರಲ್ಲಿ ತೋರಿಸಿಕೊಟ್ಟಿತು. ಜೀವ ಉಳಿಸುವ ಈ ಕ್ರಿಯೆಯಿಂದ ಕೆಲವರ ಭುಜ ಜೋತು, ತೋಳೆತ್ತುವುದು ಕಷ್ಟವಾಗುತ್ತದೆ. ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಕೆ ಹಿಡಿಯಲಾಗದೆ ನಿಂತವರು ಇಂಥವರಾಗಿರಬಹುದು. ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡವರಿಗೂ ಮಾತು ಮರಳಿಸುವ ಸಾಧನಗಳಿವೆ. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಬಡವರಿಗೆ ಎಟುಕುವ ಅಲ್ಪ ಬೆಲೆಯ 'ಓಂ' ಎಂಬ ಸಾಧನವನ್ನು ರೂಪಿಸಿದ್ದಾರೆ. ಆದರೆ ಅಂಥ ಮಾತನ್ನು ತಾಳ್ಮೆಯಿಂದ ಆಲಿಸುವ ಕಿವಿಯನ್ನು ನಾವೇ ಒದಗಿಸಬೇಕು.

ಮನಸ್ಸಿನ ಯಾತನೆ ಇದಕ್ಕಿಂತ ಕಡಮೆಯದಲ್ಲ. ರೋಗ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲೇ. ಆದುದರಿಂದ ಆಗ ತಪಾಸಣೆಗಳು ಮೇಲಿಂದ ಮೇಲೆ ಇರುತ್ತವೆ. ಪ್ರತಿ ತಪಾಸಣೆಯ ಹಿಂದಿನ ರಾತ್ರಿ ಮಾವನವರು ನಿದ್ರಿಸುತ್ತಿರಲಿಲ್ಲ. "ಏನೂ ಆಗುವುದಿಲ್ಲ ಬಿಡಿ" ಎಂಬ ನಮ್ಮ ಉಪಚಾರದ ಮಾತು ಅವರ ಬಾಯಿ ಮುಚ್ಚಿಸುತ್ತಿತ್ತೇ ವಿನಾ ಭಯವನ್ನು ಕಳೆಯುತ್ತಿರಲಿಲ್ಲ. ಜೊತೆಗೆ ಹೋಗಿ ಸುಮ್ಮನೆ ಕುಳಿತಿದ್ದರೆ ಅದೇ ದೊಡ್ಡ ಸಮಾಧಾನ. ವಾರಗಟ್ಟಲೆ ಖಿನ್ನತೆ ಬಿಡದಿದ್ದರೆ ಅದಕ್ಕೂ ಚಿಕಿತ್ಸೆಯುಂಟು. ವೈದ್ಯರಿಗೆ ತಿಳಿಸುವುದಕ್ಕೆ ಸಂಕೋಚ ಬೇಡ.

ಕಚೇರಿಗಳಲ್ಲಿಯೂ ಈ ಒಳಕೋಣೆಯ ಉಪಚಾರವುಂಟು. ರಜೆ ಮುಗಿಸಿ ಬಂದ ನೌಕರನನ್ನು ಕೇಳದೆಯೇ ಕೌಂಟರಿನಿಂದ ತೆಗೆದು ಹಿಂದಿನ ಕೋಣೆಗೆ ಹಾಕುತ್ತಾರೆ. ಅನುಕಂಪದಿಂದಲೇ ಇರಬಹುದು, ಆದರೆ ಅವನ ಇಚ್ಛೆಯೇನೆಂದು ಮೊದಲು ಕೇಳುವುದು ಸೌಜನ್ಯ.

ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ವಿನಂತಿ ಮೂರು. ಮೊದಲನೆಯದು, ಸಮಾರಂಭದ ಪ್ರತಿ ಊಟದಲ್ಲಿಯೂ ಖಾರವಿಲ್ಲದ ಮೆತ್ತನೆಯ ಅನ್ನ, ತೊವ್ವೆ, ಗಂಜಿ ಇರಲಿ. ಅದನ್ನು ಎಲ್ಲರ ಪಂಕ್ತಿಯಲ್ಲೇ ಬಡಿಸಲಿ. ಎರಡನೆಯದು, ಊರಿನಿಂದ ಬಂದ ರೋಗಿಗೆ ಹಿಂದಿ, ಮರಾಠಿ ಬಾರದಿದ್ದರೆ ತಪಾಸಣೆಯ ದಿನ ಜೊತೆಗಿದ್ದು ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸಿಕೊಡುವ ಸದಸ್ಯರ ಪಟ್ಟಿಯೊಂದು ಸಿದ್ಧವಾಗಲಿ. ನಿವೃತ್ತರು ಮುಂದೆ ಬಂದರೆ ಇದು ಅಸಾಧ್ಯವಲ್ಲ. ಮೂರನೆಯದು ಹಲವರಿಗೆ ಅಪ್ರಿಯವಾದೀತು. ಹೊಗೆಸೊಪ್ಪಿಲ್ಲದ ಎಲೆ-ಅಡಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದೆ. ಅಡಕೆ ಬೆಳೆಯುವ ನಾಡಿನವರಾದ ನಮಗೆ ಇದು ಕಹಿಯೇ ಸರಿ. ಆದರೂ ಗುಣವಾಗಿ ಬಂದವರ ಮುಂದೆ ತಾಂಬೂಲದ ತಟ್ಟೆ ಹಿಡಿಯುವುದು ಬೇಡ. ತೆಂಗಿನಕಾಯಿ, ಹಣ್ಣುಗಳನ್ನು ಕೊಟ್ಟರೆ ಮರ್ಯಾದೆಗೆ ಕುಂದಿಲ್ಲ.

ಕಳೆದ ಯುಗಾದಿಯಂದು ನಾನು ಮಾವನವರ ಕ್ಷಮೆ ಕೇಳಿ ಪಂಕ್ತಿಗೆ ಕರೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಳಿಗೇನ ಹಾಲಿನಾಗ ನೆನಿಸಿ ಕೊಡು" ಎಂದರು. ಅವರ ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹಿರಿಯರು ಏಳುವವರೆಗೆ ಎಲೆ ಬಿಟ್ಟು ಏಳಬಾರದೆಂಬುದು ನಮ್ಮ ಹಳೆಯ ಪದ್ಧತಿ. ಅಂದು ನಮ್ಮ ಮನೆಯ ಮಕ್ಕಳೂ ಒಣಗಿದ ಕೈಯಲ್ಲೇ ಕುಳಿತಿದ್ದರು.