ಸೂಜಿಯ ಭಯ

ನಮ್ಮ ಹೊಸರಿತ್ತಿಯಲ್ಲಿ ಮಧುಮೇಹಿಗೆ ವೈದ್ಯರು ಇನ್ಸುಲಿನ್ನಿನ ಮಾತೆತ್ತಿದರೆಂದರೆ ಮನೆಯವರೆಲ್ಲರ ಮುಖ ಬಾಡುವದು. ಕಳೆದ ಮಾಘದಲ್ಲಿ ನೆರೆಮನೆಯ ರೈತ ಬಾಂಧವರೊಬ್ಬರು ವೈದ್ಯರ ಚೀಟಿಯನ್ನು ನನ್ನ ಮುಂದಿಟ್ಟು, "ಸೂಜಿ ಹತ್ತಿತಂದ್ರ ಮುಗೀತಲ್ರೀ ಮಾಸ್ತರ? ಗುಳಿಗಿ ಮ್ಯಾಲ ಇನ್ನೊಂದು ವರ್ಷ ನೂಕತೇನಿ" ಎಂದರು. ನನಗೆ ನಗು ಬರಲಿಲ್ಲ. ಇದೇ ಮಾತನ್ನಾಡಿ ಎರಡು ವರ್ಷ ಕಳೆದು, ಅಕ್ಷಿಪಟಲಕ್ಕೆ ಹಾನಿ ತಂದುಕೊಂಡವನು ನಾನು.

ನನ್ನನ್ನು ತಡೆದದ್ದು ನೋವಲ್ಲ, ನಾಚಿಕೆ. ಸುಶ್ರುತಾಚಾರ್ಯರು ಪ್ರಮೇಹವು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡು ಬಗೆಯೆಂದಿರುವರು. ಜನ್ಮವೆಲ್ಲ ಮಕ್ಕಳಿಗೆ ಸಂಯಮವನ್ನು ಬೋಧಿಸಿದ ನಾನು ಎರಡನೆಯದನ್ನು ನನಗೇ ಹಚ್ಚಿಕೊಂಡು, ಸೂಜಿಯೆಂದರೆ ನಾಲಗೆಯ ಚಾಪಲ್ಯಕ್ಕೆ ಬಿದ್ದ ದಂಡವೆಂದು ಬಗೆದೆನು. "ಪಥ್ಯ ಮಾಡದಿದ್ದರೆ ಸೂಜಿಯೇ ಗತಿ" ಎಂದು ಬೆದರಿಸುವ ವೈದ್ಯರೂ ಉಂಟಷ್ಟೆ! ಆದರೆ ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 1998ರಲ್ಲಿ ಮುಖ್ಯ ಫಲಿತಾಂಶಗಳು ಪ್ರಕಟವಾದ ದೊಡ್ಡ ಪರೀಕ್ಷಣೆಯಿಂದ ತಿಳಿದುಬಂದದ್ದೇನೆಂದರೆ, ರೋಗ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ತಯಾರಿಸುವ ಶಕ್ತಿ ಸುಮಾರು ಅರ್ಧ ಕುಗ್ಗಿರುವದು. ಮುಂದೆಯೂ ವರ್ಷವರ್ಷಕ್ಕೆ ಕುಗ್ಗುತ್ತ ನಡೆಯುವದು. ಆದುದರಿಂದ ಪಥ್ಯವಂತನಿಗೂ ಒಂದು ದಿನ ಗುಳಿಗೆ ಸಾಲದಾಗಬಹುದು.

ಇನ್ನು "ಇಂಥವರಿಗೆ ಸೂಜಿ ಹಾಕಿದರು, ಕಾಲು ಕತ್ತರಿಸಿದರು" ಎಂಬ ಮಾತು. ಕಾಗೆ ಕೂಡ್ರುವದಕ್ಕೂ ಟೊಂಗೆ ಮುರಿಯುವದಕ್ಕೂ ಸರಿಹೋದಂತೆ! ಹುಣ್ಣು ಕೊಳೆತ ಮೇಲೆ ಆರಂಭಿಸಿದ ಔಷಧಕ್ಕೆ ಆ ಅಪವಾದವೇಕೆ? 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಇದನ್ನು ಮೊದಲು ಪಡೆದವನು 14 ವರ್ಷದ ಹುಡುಗನು. ಅಂಥ ಮಕ್ಕಳಿಗೆ ಅದಕ್ಕೆ ಮೊದಲು ಉಪವಾಸ, ಆಮೇಲೆ ಮರಣ, ಇಷ್ಟೇ ಇದ್ದಿತು.

ನಿಜವಾದ ತೊಡಕುಗಳೂ ಇರುವವು. ನೆರೆಯವರ ಮನೆಯಲ್ಲಿ ಫ್ರಿಜ್ ಇಲ್ಲ. ಒಡೆಯದ ಸೀಸೆಗೆ 2ರಿಂದ 8 ಡಿಗ್ರಿ ತಂಪು ಬೇಕು, ಆದರೆ ಹೆಪ್ಪುಗಟ್ಟಬಾರದು. ಬಳಕೆಯಲ್ಲಿರುವದು ತಂಪಾದ ನೆರಳಿನಲ್ಲಿ ಸುಮಾರು ನಾಲ್ಕು ವಾರ ಬಾಳುವದು. ಹೊಸ ಸೀಸೆಯನ್ನು ನಮ್ಮ ಮನೆಯಲ್ಲಿರಿಸಿ, ನಡೆಯುವ ಸೀಸೆಯನ್ನು ಹಸಿಮರಳಿನ ಗಡಿಗೆಯೊಳಗೆ ಸಣ್ಣ ಮಡಕೆಯಿಟ್ಟು ಕಾಪಾಡಿದೆವು. ಸೀಸೆ ಮಿಲಿಲೀಟರಿಗೆ 40 ಘಟಕದ್ದಾದರೆ ಸಿರಿಂಜೂ 40ರದೇ ಇರಬೇಕು. 100ರದು ಬಂದರೆ ಪ್ರಮಾಣ ತಪ್ಪುವದು. ಬೆವರು, ನಡುಕ ಕಂಡೊಡನೆ ತಿನ್ನಲು ಸಕ್ಕರೆ ಕಿಸೆಯಲ್ಲಿರಲಿ. ಊಟ ತಪ್ಪಿಸಿ ಹೊಲಕ್ಕೆ ಹೋಗುವವರಿಗೆ ಇದು ವಿಶೇಷ ಎಚ್ಚರಿಕೆ. ಏಕಾದಶಿಯವರು ಮೊದಲೇ ವೈದ್ಯರನ್ನು ಕೇಳತಕ್ಕದ್ದು.

ಒಂಬತ್ತನೆಯ ಇಯತ್ತೆಯ ಮಗಳು ದವಾಖಾನೆಯ ನರ್ಸಮ್ಮನಿಂದ ಕಲಿತು ಬಂದಳು. ಮೊದಲ ಸಂಜೆ ನೆರೆಯವರು ವರದಾ ಹೊಳೆಯ ಕಡೆಗೆ ಮುಖ ತಿರುವಿ, ಕಣ್ಣು ಮುಚ್ಚಿ, "ಹಾಕವಾ" ಎಂದರು.

"ಆತಲ್ಲಪ್ಪಾ" ಎಂದಳು ಹುಡುಗಿ.